ಟೆಕ್ ಕಂಪನಿಗಳ ಕುರಿತ ವರದಿಗಳನ್ನು ಗ್ರಾಹಕರು ಬಳಸಿಕೊಳ್ಳುವ ಬಗೆ

2017ರ ಡಿಸೆಂಬರ್‌ನಲ್ಲಿ ಐಫೋನ್ ಬಳಕೆದಾರರೊಬ್ಬರು, ಬ್ಯಾಟರಿ ಬದಲಿಸಿದ ಕೂಡಲೇ ತಮ್ಮ ನಿಧಾನವಾಗಿದ್ದ ಫೋನ್ ಮೊದಲಿನ ವೇಗಕ್ಕೆ ಮರಳಿತೆಂದು ರೆಡಿಟ್ ಎಂಬ ಚರ್ಚಾತಾಣದಲ್ಲಿ ಬರೆದರು. ಫೋನುಗಳ ವೇಗ ಅಳೆಯುವ ಗೀಕ್‌ಬೆಂಚ್ ತಂತ್ರಾಂಶದ ಜಾನ್ ಪೂಲ್ ಅದನ್ನು ಗಮನಿಸಿ ತಮ್ಮಲ್ಲಿ ಸಂಗ್ರಹವಾಗಿದ್ದ ಪರೀಕ್ಷಾ ಫಲಿತಾಂಶಗಳನ್ನು ಜಾಲಾಡಿದರು. ಐಫೋನ್ 6ಎಸ್ ಮತ್ತು ಐಫೋನ್ 7ರ ವೇಗ ಐಫೋನಿನ ಮೂಲ ತಂತ್ರಾಂಶವಾದ ಐಒಎಸ್‌ನ ಕೆಲವು ಆವೃತ್ತಿಗಳ ನಂತರ ಇಳಿದಿರುವುದು ನಕ್ಷೆಯಲ್ಲಿ ಸ್ಪಷ್ಟವಾಗಿ ಕಂಡಿತು. ಪತ್ರಿಕೆಗಳು ಇದನ್ನು ಎತ್ತಿಕೊಂಡ ಮೇಲೆ, ಡಿಸೆಂಬರ್ 20ರಂದು ಆ್ಯಪಲ್, ಹಳೆಯ ಬ್ಯಾಟರಿಯ ಫೋನುಗಳು ಇದ್ದಕ್ಕಿದ್ದಂತೆ ಆಫ್ ಆಗದಿರಲೆಂದು ತಾನೇ ಅವುಗಳ ವೇಗವನ್ನು ತಗ್ಗಿಸುತ್ತಿರುವುದಾಗಿ ಒಪ್ಪಿಕೊಂಡಿತು. ಎಂಟು ದಿನಗಳ ನಂತರ ಕ್ಷಮೆ ಕೇಳಿ, ಅಮೆರಿಕದಲ್ಲಿ 79 ಡಾಲರ್ ಇದ್ದ ಬ್ಯಾಟರಿ ಬದಲಾವಣೆಯ ದರವನ್ನು 29 ಡಾಲರ್‌ಗೆ ಇಳಿಸಿತು. 2018ರ ಮಾರ್ಚ್‌ನಲ್ಲಿ ಬಂದ ಐಒಎಸ್ 11.3ರಲ್ಲಿ, ಬ್ಯಾಟರಿಯ ಸಾಮರ್ಥ್ಯ ಎಷ್ಟು ಉಳಿದಿದೆ ಎಂಬುದನ್ನು ಬಳಕೆದಾರರೇ ನೋಡಿಕೊಳ್ಳುವ ಸೌಲಭ್ಯವೂ ಸೇರಿತು.

ಈ ಪ್ರಕರಣದಲ್ಲಿ ಹೆಚ್ಚು ಜನರ ಗಮನಕ್ಕೆ ಬಾರದ ಅಂಶವೊಂದಿದೆ. ಆ ರಿಯಾಯಿತಿ ಇದ್ದದ್ದು 2018ರ ಕೊನೆಯವರೆಗೆ ಮಾತ್ರ. ಮರುವರ್ಷದ ಜನವರಿಯಿಂದ ದರ ಮಾದರಿಗೆ ತಕ್ಕಂತೆ 49 ಅಥವಾ 69 ಡಾಲರ್‌ಗೆ ಏರಿತು. ಸುದ್ದಿಯನ್ನು ಎಲ್ಲರೂ ಓದಿದ್ದರು, ಆದರೆ ಲಾಭವಾದದ್ದು ಗಡುವಿನೊಳಗೆ ಸರ್ವಿಸ್ ಸೆಂಟರ್‌ಗೆ ಹೋದವರಿಗೆ. ವರದಿಯೊಂದು ತಾನಾಗಿಯೇ ಯಾರ ಹಣವನ್ನೂ ಹಿಂದಿರುಗಿಸುವುದಿಲ್ಲ. ಕಂಪನಿ ಉತ್ತರ ಕೊಡಲೇಬೇಕಾದ ಒಂದು ಅವಧಿಯನ್ನು ಅದು ಸೃಷ್ಟಿಸುತ್ತದೆ, ಮತ್ತು ಆ ಅವಧಿಯಲ್ಲಿ ಗ್ರಾಹಕರು ಏನು ಮಾಡುತ್ತಾರೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿರುತ್ತದೆ. ಆಗ ಮಾಡಬೇಕಾದ ಕೆಲಸಗಳನ್ನು ಕ್ರಮವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲ ಹೆಜ್ಜೆ: ಸುದ್ದಿ ನಿಮಗೆ ಅನ್ವಯಿಸುತ್ತದೆಯೇ ನೋಡಿಕೊಳ್ಳಿ

ಶೀರ್ಷಿಕೆಯಲ್ಲಿ ಕಂಪನಿಯ ಹೆಸರಷ್ಟೇ ಇರುತ್ತದೆ. ನಿಮಗೆ ಬೇಕಾದದ್ದು ಯಾವ ಮಾದರಿ, ಯಾವ ಆವೃತ್ತಿ, ಯಾವ ದಿನಾಂಕಗಳ ನಡುವೆ ಕೊಂಡದ್ದು, ಯಾವ ದೇಶದಲ್ಲಿ ಮಾರಿದ್ದು ಎಂಬ ವಿವರ. ಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ತೆರೆದು ಮಾದರಿ ಸಂಖ್ಯೆ ಮತ್ತು ತಂತ್ರಾಂಶದ ಆವೃತ್ತಿಯನ್ನು ಬರೆದಿಟ್ಟುಕೊಳ್ಳಿ. 2016ರಲ್ಲಿ ಸ್ಯಾಮ್ಸಂಗ್‌ನ ಗ್ಯಾಲಕ್ಸಿ ನೋಟ್ 7 ಫೋನುಗಳಿಗೆ ಬೆಂಕಿ ಹತ್ತಿಕೊಂಡ ಸುದ್ದಿಗಳು ಬಂದಾಗ ಕಂಪನಿ ಸೆಪ್ಟೆಂಬರ್ 2ರಂದು ಸುಮಾರು 25 ಲಕ್ಷ ಫೋನುಗಳನ್ನು ಹಿಂಪಡೆಯುವುದಾಗಿ ಹೇಳಿ ಬದಲಿ ಫೋನುಗಳನ್ನು ಕೊಟ್ಟಿತು. ಸುರಕ್ಷಿತವೆಂದು ಕೊಟ್ಟ ಆ ಬದಲಿ ಫೋನುಗಳೂ ಹೊಗೆಯಾಡಿದ್ದರಿಂದ ಅಕ್ಟೋಬರ್‌ನಲ್ಲಿ ಉತ್ಪಾದನೆಯನ್ನೇ ನಿಲ್ಲಿಸಬೇಕಾಯಿತು. ಮೊದಲ ಸುದ್ದಿ ಓದಿ, ಫೋನ್ ಬದಲಿಸಿಕೊಂಡು, ಮುಂದಿನ ಸುದ್ದಿಗಳನ್ನು ಓದದೆ ಬಿಟ್ಟವರು ಅಪಾಯದಲ್ಲೇ ಉಳಿದಿದ್ದರು. ಆದ್ದರಿಂದ ನಿಮಗೆ ಸಂಬಂಧಿಸಿದ ವರದಿಯೆಂದು ಖಚಿತವಾದರೆ ಕನಿಷ್ಠ ಎರಡು ತಿಂಗಳು ಅದರ ಮುಂದುವರಿಕೆಯನ್ನು ಗಮನಿಸುತ್ತಿರಿ.

ಎರಡನೆಯ ಹೆಜ್ಜೆ: ಆರೋಪ, ಉತ್ತರ, ಆದೇಶಗಳನ್ನು ಬೇರ್ಪಡಿಸಿ ಓದಿ

ಒಂದೇ ವರದಿಯಲ್ಲಿ ಈ ಮೂರೂ ಬೆರೆತಿರುತ್ತವೆ, ಮತ್ತು ಇವುಗಳ ತೂಕ ಒಂದೇ ಅಲ್ಲ. ಐಫೋನ್‌ನಲ್ಲಿ ಕ್ಯಾಬ್ ಬುಕ್ ಮಾಡಿದರೆ ಒಂದು ದರ, ಆಂಡ್ರಾಯ್ಡ್‌ನಲ್ಲಿ ಬುಕ್ ಮಾಡಿದರೆ ಇನ್ನೊಂದು ದರ ಎಂಬ ದೂರುಗಳು ಸುದ್ದಿಯಾದ ಬಳಿಕ, 2025ರ ಜನವರಿಯಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಓಲಾ ಮತ್ತು ಉಬರ್‌ಗೆ ನೋಟಿಸ್ ನೀಡಿತು. ಇದನ್ನು ಪ್ರಕಟಿಸಿದವರು ಧಾರವಾಡದ ಸಂಸದರೂ ಗ್ರಾಹಕ ವ್ಯವಹಾರಗಳ ಸಚಿವರೂ ಆದ ಪ್ರಲ್ಹಾದ ಜೋಶಿ. ಎರಡೂ ಕಂಪನಿಗಳು ಆರೋಪವನ್ನು ನಿರಾಕರಿಸಿದವು. ನೋಟಿಸ್ ಎಂದರೆ ವಿವರಣೆ ಕೇಳಿದ್ದು, ತಪ್ಪು ಸಾಬೀತಾಯಿತೆಂದಲ್ಲ. ಇಂತಹ ಆರೋಪವನ್ನು ನೀವೇ ಪರೀಕ್ಷಿಸುವುದಾದರೆ, ಎರಡು ಫೋನುಗಳಲ್ಲಿ ಒಂದೇ ಜಾಗದಿಂದ, ಒಂದೇ ಗಳಿಗೆಯಲ್ಲಿ, ಒಂದೇ ಬಗೆಯ ವಾಹನಕ್ಕೆ ದರ ನೋಡಿ ಸ್ಕ್ರೀನ್‌ಶಾಟ್ ತೆಗೆಯಬೇಕು. ಬೇಡಿಕೆಗೆ ತಕ್ಕಂತೆ ದರ ನಿಮಿಷ ನಿಮಿಷಕ್ಕೂ ಬದಲಾಗುವುದರಿಂದ ಒಂದು ಸಲದ ವ್ಯತ್ಯಾಸ ಏನನ್ನೂ ಸಾಬೀತು ಮಾಡುವುದಿಲ್ಲ. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಹಲವು ಸಲ ನೋಡಿದಾಗಲೂ ಒಂದೇ ಫೋನ್‌ನಲ್ಲಿ ದರ ಹೆಚ್ಚಿದ್ದರೆ ಮಾತ್ರ ದೂರು ಕೊಡಲು ಆಧಾರ ಸಿಕ್ಕಂತೆ.

ಆದೇಶವೂ ಕೊನೆಯ ಮಾತಲ್ಲ. 2021ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ತನ್ನ ಹೊಸ ಗೌಪ್ಯತಾ ನೀತಿಯನ್ನು ಒಪ್ಪಿಕೊಳ್ಳಲು ಫೆಬ್ರವರಿ 8ರ ಗಡುವು ವಿಧಿಸಿದಾಗ ಪತ್ರಿಕೆಗಳು ಅದರ ಅರ್ಥವನ್ನು ವಿವರಿಸಿದವು, ಬಳಕೆದಾರರು ಗುಂಪು ಗುಂಪಾಗಿ ಸಿಗ್ನಲ್ ಮತ್ತು ಟೆಲಿಗ್ರಾಂ ಕಡೆಗೆ ಹೊರಟರು, ಕಂಪನಿ ಗಡುವನ್ನು ಮೇ 15ಕ್ಕೆ ಮುಂದೂಡಿತು. ಅದೇ ನೀತಿಗಾಗಿ ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ವಾಟ್ಸ್‌ಆ್ಯಪ್‌ನ ಮಾತೃಸಂಸ್ಥೆ ಮೆಟಾಗೆ 213.14 ಕೋಟಿ ರೂಪಾಯಿ ದಂಡ ವಿಧಿಸಿ, ಜಾಹೀರಾತಿಗಾಗಿ ದತ್ತಾಂಶ ಹಂಚಿಕೊಳ್ಳುವುದನ್ನು ಐದು ವರ್ಷ ನಿಷೇಧಿಸಿತು. ಒಂದು ವರ್ಷದ ನಂತರ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು ಐದು ವರ್ಷದ ನಿಷೇಧವನ್ನು ರದ್ದುಪಡಿಸಿತು. 2024ರ ಸುದ್ದಿಯನ್ನಷ್ಟೇ ನೆನಪಿಟ್ಟುಕೊಂಡವರು ಈಗಿಲ್ಲದ ರಕ್ಷಣೆಯೊಂದನ್ನು ನಂಬಿಕೊಂಡಿರುತ್ತಾರೆ.

ಮಾಧ್ಯಮವನ್ನೂ ಇದೇ ಅಳತೆಗೋಲಿನಿಂದ ಅಳೆಯಬೇಕು. 2022ರ ಅಕ್ಟೋಬರ್‌ನಲ್ಲಿ ದಿ ವೈರ್ ಸುದ್ದಿತಾಣವು ಮೆಟಾ ಕುರಿತ ತನ್ನ ವರದಿಗಳ ಆಧಾರವಾಗಿದ್ದ ದಾಖಲೆಗಳು ನಂಬಲರ್ಹವಲ್ಲವೆಂದು ಕಂಡುಬಂದ ಮೇಲೆ ಅವನ್ನು ಹಿಂಪಡೆದು ಓದುಗರ ಕ್ಷಮೆ ಕೋರಿತು. ವರದಿಯೊಂದನ್ನು ಓದುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಸರಳ: ಇದನ್ನು ಪತ್ತೆ ಹಚ್ಚಿದವರು ಯಾರು, ಪರೀಕ್ಷೆಯ ವಿಧಾನವನ್ನು ಬರೆದಿದ್ದಾರೆಯೇ, ಬೇರೆಯವರು ಅದನ್ನು ಪುನಃ ಮಾಡಿ ನೋಡಬಹುದೇ, ಕಂಪನಿಯ ಉತ್ತರವನ್ನು ಪೂರ್ತಿಯಾಗಿ ಕೊಟ್ಟಿದ್ದಾರೆಯೇ? ಜಾನ್ ಪೂಲ್ ಅವರ ನಕ್ಷೆಗಳಿಗೆ ಬಲವಿದ್ದದ್ದು ಅವುಗಳ ಹಿಂದಿನ ದತ್ತಾಂಶ ಎಲ್ಲಿಂದ ಬಂತೆಂದು ಅವರು ಹೇಳಿದ್ದರಿಂದ. ಕಂಪನಿಯ ಪ್ರಕಟಣೆಯನ್ನೇ ಅಕ್ಷರಶಃ ಅಚ್ಚು ಮಾಡಿದ ಬರಹವನ್ನು, ಉಚಿತವಾಗಿ ಕೊಟ್ಟ ಫೋನ್ ಹಿಡಿದು ಮಾಡಿದ ವಿಮರ್ಶಾ ವಿಡಿಯೊವನ್ನು ಪರಿಶೀಲನೆಯೆಂದು ಕರೆಯಲಾಗದು.

ಮೂರನೆಯ ಹೆಜ್ಜೆ: ಓದಿದ ದಿನವೇ ಸೆಟ್ಟಿಂಗ್ಸ್ ತೆರೆಯಿರಿ

ತನಿಖಾ ವರದಿಯಿಂದ ಗ್ರಾಹಕರಿಗೆ ಅತಿ ಬೇಗ ಸಿಗುವ ಲಾಭ ಇದೇ ಎಂದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಇದಕ್ಕೆ ಯಾರ ಅನುಮತಿಯೂ ಬೇಡ, ಯಾವ ಕಚೇರಿಗೂ ಅಲೆಯಬೇಕಿಲ್ಲ. 2018ರ ಆಗಸ್ಟ್ 13ರಂದು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ, ‘ಲೊಕೇಶನ್ ಹಿಸ್ಟರಿ’ಯನ್ನು ಆಫ್ ಮಾಡಿದರೂ ಗೂಗಲ್‌ನ ಕೆಲವು ಸೇವೆಗಳು ಬಳಕೆದಾರರು ಎಲ್ಲಿದ್ದಾರೆಂಬುದನ್ನು ದಾಖಲಿಸುತ್ತಲೇ ಇರುತ್ತವೆ ಎಂದು ವರದಿ ಮಾಡಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಪರೀಕ್ಷಿಸಿ ದೃಢಪಡಿಸಿದ್ದರು. ಕೆಲವೇ ದಿನಗಳಲ್ಲಿ ಗೂಗಲ್ ತನ್ನ ಸಹಾಯ ಪುಟದ ವಿವರಣೆಯನ್ನು ತಿದ್ದಿತು, ಮತ್ತು 2022ರ ನವೆಂಬರ್‌ನಲ್ಲಿ ಅಮೆರಿಕದ 40 ರಾಜ್ಯಗಳೊಂದಿಗೆ 391.5 ಮಿಲಿಯನ್ ಡಾಲರ್‌ಗಳ ಒಪ್ಪಂದಕ್ಕೆ ಬಂದಿತು. ಆ ಹಣದಲ್ಲಿ ಬಿಡಿಗಾಸೂ ಹುಬ್ಬಳ್ಳಿಯ ಓದುಗರಿಗೆ ಬಾರದು. ಆದರೆ ವರದಿ ಹೊರಗೆಡವಿದ ಸ್ವಿಚ್ ಅವರ ಫೋನ್‌ನಲ್ಲೂ ಇದೆ.

ಅದನ್ನು ಹುಡುಕುವ ದಾರಿ ಹೀಗೆ: ನಿಮ್ಮ ಗೂಗಲ್ ಖಾತೆಯನ್ನು ತೆರೆದು ‘ಡೇಟಾ ಆ್ಯಂಡ್ ಪ್ರೈವೆಸಿ’ ವಿಭಾಗಕ್ಕೆ ಹೋಗಿ. ಅಲ್ಲಿ ‘ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ’ ಎಂಬುದು ಪ್ರತ್ಯೇಕವಾಗಿ ಇರುತ್ತದೆ. ಲೊಕೇಶನ್ ಹಿಸ್ಟರಿಯನ್ನು ಆಫ್ ಮಾಡಿದವರ ಕೈತಪ್ಪಿ ಆನ್ ಆಗಿಯೇ ಉಳಿಯುತ್ತಿದ್ದದ್ದು ಇದು. ಇದನ್ನು ಪೂರ್ತಿ ಆಫ್ ಮಾಡಬಹುದು. ಹುಡುಕಾಟದ ಅನುಕೂಲ ಬೇಕೆನ್ನುವವರು 3, 18 ಅಥವಾ 36 ತಿಂಗಳಿಗಿಂತ ಹಳೆಯ ದಾಖಲೆಗಳು ತಾವಾಗಿಯೇ ಅಳಿಸಿಹೋಗುವಂತೆ ಗೊತ್ತುಪಡಿಸಬಹುದು. ನಾನು ಸಲಹೆ ಕೊಡುವುದಾದರೆ ಮೂರು ತಿಂಗಳೇ ಸಾಕು. ಹೊಸದಾಗಿ ಗೊತ್ತುಪಡಿಸಿದ ನಂತರ ಈಗಾಗಲೇ ಸಂಗ್ರಹವಾಗಿರುವುದನ್ನೂ ಒಮ್ಮೆ ತೆರೆದು ನೋಡಿ, ಯಾವ ದಿನ ಯಾವ ಊರಿನಲ್ಲಿ ಏನು ಹುಡುಕಿದಿರಿ ಎಂಬುದೆಲ್ಲ ಅಲ್ಲಿರುತ್ತದೆ. ಅಳಿಸುವ ನಿರ್ಧಾರ ಅದರಿಂದ ಸುಲಭವಾಗುತ್ತದೆ.

ಧ್ವನಿ ಸಹಾಯಕಗಳ ವಿಷಯವೂ ಇದೇ. 2019ರ ಏಪ್ರಿಲ್‌ನಲ್ಲಿ ಬ್ಲೂಮ್‌ಬರ್ಗ್, ಅಮೆಜಾನ್‌ನ ಅಲೆಕ್ಸಾ ಸಾಧನಗಳಲ್ಲಿ ದಾಖಲಾದ ಮಾತುಗಳನ್ನು ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿನ ಸಿಬ್ಬಂದಿ ಆಲಿಸುತ್ತಾರೆಂದು ಬರೆಯಿತು. ಜುಲೈನಲ್ಲಿ ಗಾರ್ಡಿಯನ್ ಪತ್ರಿಕೆ ಆ್ಯಪಲ್‌ನ ಧ್ವನಿ ಸಹಾಯಕ ಸಿರಿಯ ಬಗ್ಗೆಯೂ ಅಂತಹದೇ ವರದಿ ಪ್ರಕಟಿಸಿತು. ಆಗಸ್ಟ್‌ನಲ್ಲಿ ಆ್ಯಪಲ್ ಆ ಪದ್ಧತಿಯನ್ನು ನಿಲ್ಲಿಸಿ, ಕ್ಷಮೆ ಕೇಳಿ, ಮುಂದೆ ಬಳಕೆದಾರರು ಒಪ್ಪಿದರೆ ಮಾತ್ರ ಧ್ವನಿಯನ್ನು ಬಳಸುವುದಾಗಿ ಹೇಳಿತು. ಮನೆಯಲ್ಲಿ ಇಂತಹ ಸಾಧನವಿದ್ದರೆ ಅದರ ಆ್ಯಪ್‌ನ ಗೌಪ್ಯತಾ ವಿಭಾಗದಲ್ಲಿ ಧ್ವನಿ ದಾಖಲೆಗಳ ಆಯ್ಕೆಯನ್ನು ನೋಡಿ ಬದಲಿಸಿ.

ಸೋರಿಕೆಯ ಸುದ್ದಿಯಾದರೆ ಕೆಲಸ ಸ್ವಲ್ಪ ಬೇರೆ

2024ರ ಸೆಪ್ಟೆಂಬರ್‌ನಲ್ಲಿ ರಾಯಿಟರ್ಸ್, ಸ್ಟಾರ್ ಹೆಲ್ತ್ ವಿಮಾ ಕಂಪನಿಯ ಗ್ರಾಹಕರ ವೈದ್ಯಕೀಯ ವರದಿ, ಗುರುತಿನ ಚೀಟಿಗಳ ಪ್ರತಿಗಳು ಟೆಲಿಗ್ರಾಂನ ಚಾಟ್‌ಬಾಟ್‌ಗಳ ಮೂಲಕ ಸಿಗುತ್ತಿವೆಯೆಂದು ಬಯಲು ಮಾಡಿತು. ವರದಿಗಾರರು ಟೆಲಿಗ್ರಾಂ ಗಮನಕ್ಕೆ ತಂದ ಮೇಲೆ ಆ ಚಾಟ್‌ಬಾಟ್‌ಗಳು ಸ್ಥಗಿತಗೊಂಡವು, ಆದರೆ ಹೊಸವು ತಲೆಯೆತ್ತಿದವು. ವರದಿಗಾರರು ಮಾತನಾಡಿಸಿದ ಪಾಲಿಸಿದಾರರಿಗೆ ಕಂಪನಿಯಿಂದ ಯಾವ ಸೂಚನೆಯೂ ಹೋಗಿರಲಿಲ್ಲ. ತಮ್ಮ ಮಾಹಿತಿ ಹೊರಗಿದೆಯೆಂಬುದು ಅವರಿಗೆ ತಿಳಿದದ್ದೇ ಪತ್ರಕರ್ತರಿಂದ. ಹೀಗಾದಾಗ ಪಾಸ್‌ವರ್ಡ್ ಬದಲಿಸುವುದು ಮೊದಲ ಕೆಲಸವೇ ಆದರೂ ಅಷ್ಟೇ ಸಾಲದು, ಏಕೆಂದರೆ ಪ್ಯಾನ್ ಸಂಖ್ಯೆಯನ್ನೂ ರೋಗದ ವಿವರವನ್ನೂ ಬದಲಿಸಲಾಗದು. ಆಧಾರ್‌ನ ಬಯೋಮೆಟ್ರಿಕ್ ಅನ್ನು ಲಾಕ್ ಮಾಡಿ. ಸಾಲದ ಇತಿಹಾಸ ಇಡುವ ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮವಿದೆ. ಅದನ್ನು ತರಿಸಿಕೊಂಡು ನೀವು ಪಡೆಯದ ಸಾಲವೇನಾದರೂ ನಿಮ್ಮ ಹೆಸರಿನಲ್ಲಿದೆಯೇ ನೋಡಿ. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನಾಲ್ಕನೆಯ ಹೆಜ್ಜೆ: ವರದಿಯಲ್ಲಿ ಓದಿದ್ದನ್ನು ಕೊಳ್ಳುವ ಪರದೆಯ ಮೇಲೆ ಹುಡುಕಿ

2021ರ ಅಕ್ಟೋಬರ್‌ನಲ್ಲಿ ರಾಯಿಟರ್ಸ್, ಕಂಪನಿಯ ಆಂತರಿಕ ದಾಖಲೆಗಳನ್ನು ಆಧರಿಸಿ, ಅಮೆಜಾನ್ ಭಾರತದಲ್ಲಿ ಇತರರ ಉತ್ಪನ್ನಗಳನ್ನು ನಕಲು ಮಾಡಿ, ಹುಡುಕಾಟದ ಫಲಿತಾಂಶಗಳಲ್ಲಿ ತನ್ನದೇ ಬ್ರ್ಯಾಂಡುಗಳು ಮೇಲೆ ಬರುವಂತೆ ಮಾಡಿತ್ತೆಂದು ಬರೆಯಿತು. ಅಮೆಜಾನ್ ಇದನ್ನು ಅಲ್ಲಗಳೆಯಿತು. ಆರೋಪ ಎಲ್ಲಿಗೆ ಮುಟ್ಟಿದರೂ ಗ್ರಾಹಕರು ಕಲಿಯಬೇಕಾದದ್ದು ಒಂದಿದೆ: ಪರದೆಯ ಮೇಲ್ಭಾಗದಲ್ಲಿರುವುದು ಒಳ್ಳೆಯದೆಂದೇ ಅಲ್ಲಿರುವುದಿಲ್ಲ. ‘ಸ್ಪಾನ್ಸರ್ಡ್’ ಎಂಬ ಸಣ್ಣ ಅಕ್ಷರಗಳನ್ನು ಗಮನಿಸಿ, ಬೆಲೆ ಅಥವಾ ರೇಟಿಂಗ್ ಪ್ರಕಾರ ಪಟ್ಟಿಯನ್ನು ಮರುಜೋಡಿಸಿ, ಎರಡನೆಯ ಪುಟವನ್ನೂ ನೋಡಿ.

2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯು ಗ್ರಾಹಕರನ್ನು ದಾರಿತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಸಿ ನಿಷೇಧಿಸಿದೆ. ಹಣ ಪಾವತಿಸುವ ಪುಟದಲ್ಲಿ ನಿಂತು ನೋಡಿ: ನೀವು ಕೇಳದ ವಿಮೆಗೋ ದೇಣಿಗೆಗೋ ಮೊದಲೇ ಟಿಕ್ ಹಾಕಿದ್ದರೆ ಅದು ‘ಬಾಸ್ಕೆಟ್ ಸ್ನೀಕಿಂಗ್’, ಮೊದಲು ತೋರಿಸಿದ ಬೆಲೆಗೆ ಕೊನೆಯಲ್ಲಿ ಒಂದೊಂದೇ ಶುಲ್ಕ ಸೇರುತ್ತ ಹೋದರೆ ಅದು ‘ಡ್ರಿಪ್ ಪ್ರೈಸಿಂಗ್’, ಚಂದಾ ಸೇರಲು ಒಂದು ಗುಂಡಿ ಸಾಕಾಗಿ, ಬಿಡಲು ಮಾತ್ರ ಹಲವು ಪುಟ ದಾಟಬೇಕಾದರೆ ಅದು ‘ಸಬ್‌ಸ್ಕ್ರಿಪ್ಶನ್ ಟ್ರ್ಯಾಪ್’. ಈ ಹೆಸರುಗಳು ಗೊತ್ತಿರುವುದು ಮುಖ್ಯ, ಏಕೆಂದರೆ “ಮೋಸ ಮಾಡಿದರು” ಎಂಬ ದೂರಿಗಿಂತ “ಮಾರ್ಗಸೂಚಿಯಲ್ಲಿ ನಿಷೇಧಿಸಿರುವ ಇಂತಹ ವಿನ್ಯಾಸ ನಿಮ್ಮ ಆ್ಯಪ್‌ನಲ್ಲಿದೆ” ಎಂಬ ದೂರನ್ನು ತಳ್ಳಿಹಾಕುವುದು ಕಷ್ಟ.

ಐದನೆಯ ಹೆಜ್ಜೆ: ಸಾಕ್ಷ್ಯ ಕೂಡಿಸಿ ದೂರು ಬರೆಯಿರಿ

ಸುದ್ದಿ ಹೊರಬಿದ್ದ ಮೇಲೆ ಪರದೆಗಳು ಬದಲಾಗುತ್ತವೆ, ಷರತ್ತುಗಳ ಪುಟ ತಿದ್ದುಪಡಿಯಾಗುತ್ತದೆ. ಹಾಗಾಗಿ ಮೊದಲು ಸ್ಕ್ರೀನ್‌ಶಾಟ್, ಆಮೇಲೆ ದೂರು. ಪರದೆಯಲ್ಲಿ ದಿನಾಂಕ ಮತ್ತು ಸಮಯ ಕಾಣುವಂತಿರಲಿ. ಬಿಲ್, ಆರ್ಡರ್ ಸಂಖ್ಯೆ, ಬ್ಯಾಂಕಿನ ಎಸ್ಸೆಮ್ಮೆಸ್, ಗ್ರಾಹಕ ಸೇವೆಯವರೊಂದಿಗಿನ ಚಾಟ್ ಎಲ್ಲವನ್ನೂ ಒಂದೇ ಫೋಲ್ಡರ್‌ನಲ್ಲಿಡಿ. ಬಿಲ್‌ನ ಮಹತ್ವ ಏನೆಂಬುದನ್ನು ಐಫೋನ್ ಪ್ರಕರಣವೇ ತೋರಿಸಿತು: 2017ರಲ್ಲಿ ಪೂರ್ಣ ದರ ಕೊಟ್ಟು ಬ್ಯಾಟರಿ ಬದಲಿಸಿಕೊಂಡಿದ್ದವರಿಗೆ ಆ್ಯಪಲ್ ಮರುವರ್ಷ 50 ಡಾಲರ್ ಹಿಂದಿರುಗಿಸಿತು, ಆದರೆ ಅದು ಅಧಿಕೃತ ಸರ್ವಿಸ್ ಕೇಂದ್ರಗಳಲ್ಲಿ ಮಾಡಿಸಿದವರಿಗೆ ಮಾತ್ರ.

ದೂರು ಮೊದಲು ಹೋಗಬೇಕಾದದ್ದು ಕಂಪನಿಯ ಕುಂದುಕೊರತೆ ಅಧಿಕಾರಿಗೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರ ಹೆಸರು ಮತ್ತು ಸಂಪರ್ಕ ಆ್ಯಪ್‌ನಲ್ಲೇ ಇರಬೇಕು, 48 ಗಂಟೆಗಳೊಳಗೆ ಸ್ವೀಕೃತಿ ಬರಬೇಕು, ಒಂದು ತಿಂಗಳೊಳಗೆ ಪರಿಹಾರ ಸಿಗಬೇಕು. ದೂರು ಉದ್ದವಾಗಿರಬೇಕಿಲ್ಲ. ಚಂದಾ ಹಣ ಕಡಿತವಾದವರೊಬ್ಬರು ಹೀಗೆ ಬರೆದರೆ ಸಾಕು:

“ನಾನು ಜೂನ್ 3ರಂದು ನಿಮ್ಮ ಆ್ಯಪ್‌ನ ಒಂದು ತಿಂಗಳ ಚಂದಾಕ್ಕಾಗಿ 299 ರೂಪಾಯಿ ಪಾವತಿಸಿದೆ. ಜುಲೈ 3ರಂದು ನನ್ನ ಖಾತೆಯಿಂದ 2,499 ರೂಪಾಯಿ ಕಡಿತವಾಗಿದೆ. ವಾರ್ಷಿಕ ಚಂದಾಕ್ಕೆ ನಾನು ಒಪ್ಪಿಗೆ ಕೊಟ್ಟಿಲ್ಲ, ಮತ್ತು ರದ್ದು ಮಾಡುವ ಆಯ್ಕೆ ಖಾತೆಯ ಪುಟದಲ್ಲಿ ಇಲ್ಲ. ಇದು 2023ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ಹೇಳಿರುವ ಸಬ್‌ಸ್ಕ್ರಿಪ್ಶನ್ ಟ್ರ್ಯಾಪ್ ಆಗಿದೆ. ನಿಮ್ಮ ಸಂಸ್ಥೆಯ ಇದೇ ಪದ್ಧತಿಯ ಬಗ್ಗೆ ಪತ್ರಿಕೆಯಲ್ಲಿ ಪ್ರಕಟವಾದ ವರದಿಯ ಪ್ರತಿಯನ್ನೂ, ನಾಲ್ಕು ಸ್ಕ್ರೀನ್‌ಶಾಟ್‌ಗಳನ್ನೂ ಲಗತ್ತಿಸಿದ್ದೇನೆ. ಪೂರ್ಣ ಮೊತ್ತವನ್ನು ನನ್ನ ಬ್ಯಾಂಕ್ ಖಾತೆಗೆ ಮರಳಿಸಿ, ಆಟೊ ಡೆಬಿಟ್ ಅನ್ನು ರದ್ದುಪಡಿಸಬೇಕೆಂದು ಕೋರುತ್ತೇನೆ.”

ಇಲ್ಲಿ ಕೋಪವಿಲ್ಲ, ದಿನಾಂಕ, ಮೊತ್ತ, ನಿಯಮ, ಬೇಡಿಕೆ ಇವೆ. ‘ಬ್ಯಾಂಕ್ ಖಾತೆಗೆ’ ಎಂದು ಬರೆದಿರುವುದಕ್ಕೂ ಕಾರಣವಿದೆ: 2024ರ ಅಕ್ಟೋಬರ್‌ನಲ್ಲಿ ಪ್ರಾಧಿಕಾರವು ಓಲಾ ಕ್ಯಾಬ್ಸ್‌ಗೆ, ಕೂಪನ್ ಮಾತ್ರ ಕೊಡದೆ, ಹಣವನ್ನು ಬ್ಯಾಂಕ್ ಖಾತೆಗೆ ಪಡೆಯುವ ಆಯ್ಕೆಯನ್ನೂ ಗ್ರಾಹಕರಿಗೆ ನೀಡಬೇಕೆಂದು ಆದೇಶಿಸಿತ್ತು. ಜೊತೆಗೆ, ಕಂಪನಿಯ ಉತ್ತರಕ್ಕೆ ಕಾಯದೆ ನಿಮ್ಮ ಬ್ಯಾಂಕ್ ಅಥವಾ ಯುಪಿಐ ಆ್ಯಪ್‌ನ ಆಟೊಪೇ ವಿಭಾಗಕ್ಕೆ ಹೋಗಿ ಅನುಮತಿಯನ್ನು ನೀವೇ ರದ್ದು ಮಾಡಿ. 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಇಂತಹ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ನಿಮಗೆ ಸೂಚನೆ ಬರಬೇಕು. ಮಕ್ಕಳ ಆನ್‌ಲೈನ್ ಕೋರ್ಸಿಗೆ ಸೇರಿಸುವ ಪೋಷಕರಂತೂ ಇದನ್ನು ಮರೆಯಬಾರದು. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವೇ ಎಡ್‌ಟೆಕ್ ಚಂದಾಗಳಿಗೆ ಆಟೊ ಡೆಬಿಟ್ ಆಯ್ಕೆ ಬೇಡವೆಂದು ಸಲಹೆ ನೀಡಿತ್ತು.

ಆರನೆಯ ಹೆಜ್ಜೆ: 1915

ಕಂಪನಿ ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲಿ ಮಾತನಾಡಬಹುದು, ಶುಲ್ಕವಿಲ್ಲ, ದೂರಿಗೊಂದು ಸಂಖ್ಯೆ ಕೊಡುತ್ತಾರೆ. ಒಬ್ಬರ ದೂರಿನಿಂದ ಏನಾದೀತು ಎಂದು ಕೈಚೆಲ್ಲುವವರಿಗೆ ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಪ್ರಕರಣವೇ ಉತ್ತರ. ಸ್ಕೂಟರುಗಳ ಸರ್ವಿಸ್ ವಿಳಂಬದ ಬಗ್ಗೆ ಮಾಧ್ಯಮಗಳಲ್ಲಿ ಚರ್ಚೆ ನಡೆದಿದ್ದಾಗ, 2024ರ ಅಕ್ಟೋಬರ್‌ನಲ್ಲಿ ಪ್ರಾಧಿಕಾರ ಕಂಪನಿಗೆ ಷೋಕಾಸ್ ನೋಟಿಸ್ ನೀಡಿತು. ಅದಕ್ಕೆ ಆಧಾರವಾದದ್ದು ಒಂದು ವರ್ಷದಲ್ಲಿ ಈ ಸಹಾಯವಾಣಿಗೆ ಬಂದಿದ್ದ 10,644 ದೂರುಗಳು. ಆ ಸಂಖ್ಯೆ ಮರುದಿನದ ಪತ್ರಿಕೆಗಳಲ್ಲಿ ಮತ್ತೆ ಸುದ್ದಿಯಾಯಿತು. ಅವುಗಳಲ್ಲಿ ಒಂದೊಂದೂ ಯಾರೋ ಒಬ್ಬರು ಬಿಡುವು ಮಾಡಿಕೊಂಡು ದಾಖಲಿಸಿದ ದೂರೇ. ವರದಿ, ದೂರು, ಪ್ರಾಧಿಕಾರದ ಕ್ರಮ ಹೀಗೆ ಒಂದಕ್ಕೊಂದು ಬಲ ಕೊಡುತ್ತವೆ. 2025ರ ಆಗಸ್ಟ್‌ನಲ್ಲಿ, ಐದು ನಿಮಿಷದಲ್ಲಿ ಆಟೊ ಸಿಗದಿದ್ದರೆ 50 ರೂಪಾಯಿ ಕೊಡುವುದಾಗಿ ಜಾಹೀರಾತು ನೀಡಿದ್ದ ರ‍್ಯಾಪಿಡೊಗೆ ಪ್ರಾಧಿಕಾರ 10 ಲಕ್ಷ ರೂಪಾಯಿ ದಂಡ ವಿಧಿಸಿ, ಆ ಹಣ ಸಿಗದ ಗ್ರಾಹಕರಿಗೆ ಮರುಪಾವತಿಸಲು ಹೇಳಿತು. ಅಂತಹ ಆದೇಶದ ಲಾಭ ಪಡೆಯಲು ಹಳೆಯ ಪ್ರಯಾಣದ ದಾಖಲೆ ಬೇಕಾಗುತ್ತದೆ.

ಇಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಕಂಪನಿಯ ಕಚೇರಿ ಗುರುಗ್ರಾಮದಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ಆನ್‌ಲೈನ್ ಮೂಲಕವೂ ಸಾಧ್ಯ, ಕೊಟ್ಟ ಬೆಲೆ ಐದು ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಎರಡು ವರ್ಷದ ಮಿತಿಯೊಂದೇ ನೆನಪಿರಲಿ.

ಒಂದು ಎಚ್ಚರಿಕೆ. ಪರಿಹಾರ ಘೋಷಣೆಯಾದ ಸುದ್ದಿಯ ಬೆನ್ನಿಗೇ ವಂಚಕರ ಕರೆಗಳೂ ಬರುತ್ತವೆ. ರೀಫಂಡ್ ಕೊಡಲು ಯಾರೂ ನಿಮ್ಮ ಒಟಿಪಿಯನ್ನಾಗಲಿ ಯುಪಿಐ ಪಿನ್ ಅನ್ನಾಗಲಿ ಕೇಳುವ ಅಗತ್ಯವಿಲ್ಲ. ಸಂದೇಶದಲ್ಲಿ ಬಂದ ಲಿಂಕ್ ಒತ್ತದೆ ಕಂಪನಿಯ ಆ್ಯಪ್ ಅನ್ನೇ ತೆರೆದು ನೋಡಿ.

ಕೊನೆಯ ಹೆಜ್ಜೆ: ಮುಂದಿನ ವರದಿಗೆ ನಿಮ್ಮ ಮಾಹಿತಿ ಕೊಡಿ

ದೇಶದ ಹಲವು ದೊಡ್ಡ ಟೆಕ್ ಕಂಪನಿಗಳ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ. ಆದರೂ ಅವುಗಳಿಗೆ ಬಂದ ಬಂಡವಾಳದ ಸುದ್ದಿಗೆ ಸಿಗುವ ಜಾಗ, ರಾಯಚೂರಿನಲ್ಲೋ ಹಾವೇರಿಯಲ್ಲೋ ಸರ್ವಿಸ್ ಸಿಗದೆ ಪರದಾಡುವ ಗ್ರಾಹಕರ ಸುದ್ದಿಗೆ ಸಿಗುವುದಿಲ್ಲವೆಂಬುದು ನನಗೆ ನೋವಿನ ಸಂಗತಿ. ಬೆಂಗಳೂರಿನ ಆಟೊ ದರದ ವಿಷಯದಲ್ಲಿ ಇದು ಬದಲಾದದ್ದನ್ನು ಕಂಡಿದ್ದೇವೆ: ಮೊದಲ ಎರಡು ಕಿಲೊಮೀಟರಿಗೆ ಸರ್ಕಾರಿ ದರ 30 ರೂಪಾಯಿ ಇದ್ದಾಗ ಆ್ಯಪ್‌ಗಳು ಕನಿಷ್ಠ 100 ರೂಪಾಯಿ ಪಡೆಯುತ್ತಿವೆಯೆಂದು ಪ್ರಯಾಣಿಕರು ದೂರಿ, ಪತ್ರಿಕೆಗಳು ಅದನ್ನು ಬರೆದ ಮೇಲೆಯೇ 2022ರ ಅಕ್ಟೋಬರ್‌ನಲ್ಲಿ ಸಾರಿಗೆ ಇಲಾಖೆ ಕಂಪನಿಗಳಿಗೆ ನೋಟಿಸ್ ಕೊಟ್ಟದ್ದು.

ವರದಿಗಾರರಿಗೆ ಬರೆಯುವಾಗ ಏನಾಯಿತೆಂಬುದನ್ನು ಹತ್ತು ಸಾಲುಗಳಲ್ಲಿ, ದಿನಾಂಕದ ಕ್ರಮದಲ್ಲಿ ಹೇಳಿ. 1915ರ ದೂರಿನ ಸಂಖ್ಯೆಯನ್ನೂ ಕಂಪನಿ ಕೊಟ್ಟ ಉತ್ತರವನ್ನೂ ಸೇರಿಸಿ, ಉತ್ತರ ನಿಮಗೆ ಅನುಕೂಲವಾಗಿಲ್ಲದಿದ್ದರೂ ಮುಚ್ಚಿಡಬೇಡಿ. ಇದೇ ತೊಂದರೆಯಾದ ಇನ್ನಿಬ್ಬರು ಮೂವರು ಗೊತ್ತಿದ್ದರೆ ಅವರ ಒಪ್ಪಿಗೆ ಪಡೆದು ತಿಳಿಸಿ, ಏಕೆಂದರೆ ಒಬ್ಬರ ಅನುಭವದಿಂದ ಕಂಪನಿಯ ಪದ್ಧತಿಯನ್ನು ತೋರಿಸುವುದು ಯಾವ ಪತ್ರಕರ್ತರಿಗೂ ಕಷ್ಟ. ಕಳುಹಿಸುವ ಪ್ರತಿಗಳಲ್ಲಿ ಆಧಾರ್, ಕಾರ್ಡ್ ಮತ್ತು ಖಾತೆ ಸಂಖ್ಯೆಗಳನ್ನು ಮರೆಮಾಡಿ. ಹೆಸರು ಪ್ರಕಟವಾಗಬಾರದೆಂದಿದ್ದರೆ ವಿವರ ಕೊಡುವ ಮೊದಲೇ ಅದನ್ನು ಹೇಳಿ ಒಪ್ಪಿಗೆ ಪಡೆಯಿರಿ, ಮತ್ತು ವರದಿ ಪ್ರಕಟವಾದ ನಂತರವೂ ಮೂಲ ಇಮೇಲ್‌ಗಳನ್ನೂ ಸ್ಕ್ರೀನ್‌ಶಾಟ್‌ಗಳನ್ನೂ ಎರಡು ವರ್ಷವಾದರೂ ಅಳಿಸದೆ ಇಟ್ಟುಕೊಳ್ಳಿ.